ಸ್ಯಾಕ್ ಪ್ಯಾನಿಕ್: ಐದು ಲಿನಕ್ಸ್ ಯಂತ್ರಗಳ ದುರಸ್ತಿ ದಿನಚರಿ

ಕೆಲಸ: ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ, ಯಂತ್ರಗಳ ನಡುವೆ ಡೇಟಾ ಸಾಗಿಸುವ ಟಿಸಿಪಿ ಭಾಗದಲ್ಲಿ 2019ರ ಜೂನ್ 17ರಂದು ಬಯಲಾದ ಮೂರು ದೋಷಗಳನ್ನು ಐದು ಯಂತ್ರಗಳಲ್ಲಿ ಮುಚ್ಚುವುದು. ಭದ್ರತಾ ದೋಷಗಳ ಪಟ್ಟಿಯಲ್ಲಿ ಇವುಗಳ ಸಂಖ್ಯೆ ಸಿವಿಇ-2019-11477, 11478 ಮತ್ತು 11479. ಮೊದಲನೆಯದಕ್ಕೇ ಸ್ಯಾಕ್ ಪ್ಯಾನಿಕ್ ಎಂಬ ಹೆಸರು. ಸ್ಯಾಕ್ ಎಂದರೆ ಯಾವ ಯಾವ ತುಂಡು ತಲುಪಿತು ಎಂದು ಹೇಳುವ ಉತ್ತರ, ಪ್ಯಾನಿಕ್ ಎಂದರೆ ಕರ್ನಲ್ ಕುಸಿದು ನಿಲ್ಲುವುದು. ಪತ್ತೆ ಹಚ್ಚಿದ್ದು ನೆಟ್‌ಫ್ಲಿಕ್ಸ್‌ನ ಜಾನಥನ್ ಲೂನಿ. 2.6.29ರಿಂದ ಈಚಿನ, ದುರಸ್ತಿಯಾಗದ ಕರ್ನಲ್‌ಗಳೆಲ್ಲ ಇದರ ವ್ಯಾಪ್ತಿಯಲ್ಲಿವೆ. ಲಾಗಿನ್ ಬೇಡ, ಪಾಸ್‌ವರ್ಡ್ ಬೇಡ. ತೆರೆದ ಪೋರ್ಟ್ ಒಂದಿದ್ದರೆ ಹೊರಗಿನವರು ಯಂತ್ರವನ್ನೇ ಕೆಡವಬಹುದು.

ಕರ್ನಲ್ ಬದಲಿಸಿ ರೀಬೂಟ್ ಮಾಡಲು ಎಲ್ಲ ಸೇರಿ ಎರಡೂವರೆ ಗಂಟೆ ಸಾಕಾಯಿತು. ರೀಬೂಟ್‌ಗೆ ಶನಿವಾರ ರಾತ್ರಿಯವರೆಗೆ ಅನುಮತಿ ಇರಲಿಲ್ಲವಾದ್ದರಿಂದ ನಡುವೆ ತಾತ್ಕಾಲಿಕ ತಡೆಗಳನ್ನು ಹಾಕಬೇಕಾಯಿತು. ಅವುಗಳಲ್ಲಾದ ತಪ್ಪು ತಿದ್ದುವುದಕ್ಕೇ ಒಂಬತ್ತು ಗಂಟೆ ಹೋಯಿತು. ಆ ಒಂಬತ್ತು ಗಂಟೆಯನ್ನೇ ಇಲ್ಲಿ ಹೆಚ್ಚು ಬರೆದಿದೆ. ಕಮಾಂಡ್ ಮತ್ತು ಸೆಟ್ಟಿಂಗ್ ಹೆಸರುಗಳು ಕನ್ನಡ ಲಿಪಿಯಲ್ಲಿವೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಎಂದು ಬೇರೆ ಹೇಳಬೇಕಿಲ್ಲ.

ಯಂತ್ರಗಳು:

ಎ – ಉಬುಂಟು 16.04, ಕರ್ನಲ್ 4.4.0-148, ವೆಬ್ ಪ್ರಾಕ್ಸಿ.
ಬಿ – ಉಬುಂಟು 18.04, ಕರ್ನಲ್ 4.15.0-50, ಡಾಕರ್ ಕಂಟೇನರ್‌ಗಳು (ಪ್ರೋಗ್ರಾಮ್‌ಗಳನ್ನು ಪ್ರತ್ಯೇಕವಾಗಿ ಓಡಿಸುವ ಆವರಣಗಳು).
ಸಿ – ಸೆಂಟ್‌ಒಎಸ್ 7, ಕರ್ನಲ್ 3.10.0-957.12.2, ಬೆಂಗಳೂರು ಕಚೇರಿಯ ಗೇಟ್‌ವೇ.
ಡಿ – ಡೆಬಿಯನ್ 9, ಕರ್ನಲ್ 4.9.168-1+ಡೆಬ್9ಯು2, ಬ್ಯಾಕಪ್ ಸರ್ವರ್.
ಇ – ಹುಬ್ಬಳ್ಳಿ ಶಾಖೆಯಲ್ಲಿರುವ ಎರಡು ಡಿಸ್ಕ್‌ನ ನೆಟ್‌ವರ್ಕ್ ಸ್ಟೋರೇಜ್ ಪೆಟ್ಟಿಗೆ. ತಯಾರಕರದೇ ಹಳೆಯ 3.x ಕರ್ನಲ್.

ಖರ್ಚು: ಗೇಟ್‌ವೇಗೆ ಒಂದು ಯುಎಸ್‌ಬಿ-ಸೀರಿಯಲ್ ಕೇಬಲ್, ₹450. ಉಳಿದದ್ದೆಲ್ಲ ಹೊತ್ತು.

ಜೂನ್ 18, ಮಂಗಳವಾರ. ಲೆಕ್ಕ

ಎಷ್ಟು ಅವಸರ ಮಾಡಬೇಕು ಎಂದು ತಿಳಿಯಲು ಒಂದು ಗುಣಾಕಾರ ಸಾಕು. ಕಳಿಸಬೇಕಾದ ಡೇಟಾವನ್ನು ಕರ್ನಲ್ ಒಂದೊಂದು ಬಫರ್‌ನಲ್ಲಿ ಹೆಚ್ಚೆಂದರೆ 17 ತುಂಡಾಗಿ ಇಡುತ್ತದೆ. ಎಕ್ಸ್86ರಲ್ಲಿ ತುಂಡಿಗೆ 32 ಕೆಬಿ. ಒಟ್ಟು 5,57,056 ಬೈಟ್. ಎದುರು ಬದಿಯವರು ‘ನನ್ನ ಎಂಎಸ್‌ಎಸ್ (ಒಂದು ಪ್ಯಾಕೆಟ್‌ನಲ್ಲಿ ಕೊಳ್ಳುವ ಗರಿಷ್ಠ ಡೇಟಾ) 48 ಬೈಟ್’ ಎಂದರೆ, ಟಿಸಿಪಿ ಆಪ್ಶನ್‌ಗಳ 40 ಕಳೆದು ಪ್ಯಾಕೆಟ್‌ಗೆ ಉಳಿಯುವುದು 8 ಬೈಟ್. ಭಾಗಿಸಿದರೆ 69,632 ಪ್ಯಾಕೆಟ್. ಅದನ್ನು ಎಣಿಸುವ ಖಾನೆ 16 ಬಿಟ್‌ನದು, 65,535ಕ್ಕೆ ತುಂಬಿಹೋಗುತ್ತದೆ. ಎಲ್ಲೆಲ್ಲಿ ತಲುಪಿತು ಎಂದು ಬಿಡಿಬಿಡಿಯಾಗಿ ಹೇಳುವ ಸ್ಯಾಕ್ ಉತ್ತರಗಳನ್ನು ಬೇಕೆಂದೇ ಜೋಡಿಸಿ ಕಳಿಸಿದರೆ ಕರ್ನಲ್ ಆ ಬಫರ್‌ಗಳನ್ನು ಒಟ್ಟುಗೂಡಿಸಲು ಹೋಗುತ್ತದೆ, ಎಣಿಕೆ ಸುತ್ತಿ ಬರುತ್ತದೆ, ‘ಹೀಗಾಗಲು ಸಾಧ್ಯವೇ ಇಲ್ಲ’ ಎಂದು ಬರೆದಿಟ್ಟ ಬಗ್-ಆನ್ ಸಾಲಿಗೆ ಬಡಿದು ಪ್ಯಾನಿಕ್.

ಉಳಿದೆರಡು ಯಂತ್ರವನ್ನು ಕೆಡವುವುದಿಲ್ಲ. 11478 ಮರುಪ್ರಸಾರದ ಸರದಿಯನ್ನು ಚೂರುಚೂರು ಮಾಡಿ ಸಿಪಿಯು ತಿನ್ನುತ್ತದೆ. 11479 ಸಣ್ಣ ಎಂಎಸ್‌ಎಸ್‌ನಿಂದ ಬ್ಯಾಂಡ್‌ವಿಡ್ತ್ ತಿನ್ನುತ್ತದೆ.

ಜೂನ್ 18, ಮಧ್ಯಾಹ್ನ. ಮೊದಲ ತಡೆ: ಸ್ಯಾಕ್ ಆಫ್

ಎಲ್ಲರೂ ಮೊದಲು ಮಾಡುವುದು ಇದನ್ನೇ. ಕರ್ನಲ್ ಸೆಟ್ಟಿಂಗ್ ಬದಲಿಸುವ ಸಿಸ್‌ಸಿಟಿಎಲ್‌ನಲ್ಲಿ ನೆಟ್.ಐಪಿವಿ4.ಟಿಸಿಪಿ_ಸ್ಯಾಕ್ ಅನ್ನು 0 ಮಾಡಿ, ರೀಬೂಟ್ ಆದರೂ ಉಳಿಯಲೆಂದು ಸಿಸ್‌ಸಿಟಿಎಲ್.ಡಿ ಫೋಲ್ಡರಿನಲ್ಲಿ ಒಂದು ಫೈಲ್ ಹಾಕಿದ್ದಾಯಿತು. ಎ, ಬಿ, ಸಿ, ಡಿ ನಾಲ್ಕಕ್ಕೂ ಸೇರಿ ಹತ್ತು ನಿಮಿಷ. ತಪ್ಪು ಮೂರು.

ಒಂದು. ಆಗಲೇ ತೆರೆದಿದ್ದ ಕನೆಕ್ಷನ್‌ಗಳಿಗೆ ಇದು ತಾಗುವುದೇ ಇಲ್ಲ. ಸ್ಯಾಕ್ ಬೇಕೋ ಬೇಡವೋ ಎಂಬುದು ಕನೆಕ್ಷನ್ ಶುರು ಮಾಡುವ ಸಿನ್ ಪ್ಯಾಕೆಟ್ ವಿನಿಮಯದಲ್ಲೇ ತೀರ್ಮಾನವಾಗಿಬಿಡುತ್ತದೆ. ಎಸ್‌ಎಸ್ ಕಮಾಂಡಿಗೆ ಟಿ, ಐ ಆಯ್ಕೆ ಕೊಟ್ಟು ನೋಡಿದರೆ ಹಳೆಯ ಕನೆಕ್ಷನ್‌ಗಳ ಸಾಲಿನಲ್ಲಿ ‘ಸ್ಯಾಕ್’ ಎಂಬ ಪದ ಹಾಗೇ ಕೂತಿತ್ತು. ಪ್ರಾಕ್ಸಿ ಸೇವೆಯನ್ನು ರೀಸ್ಟಾರ್ಟ್ ಮಾಡಿದ ಮೇಲೆ ಹೋಯಿತು.

ಎರಡು. ಬಿ ಯಂತ್ರದಲ್ಲಿ ಅದು ಕಂಟೇನರ್‌ಗಳ ಒಳಗೆ ಹೋಗಲೇ ಇಲ್ಲ. 4.15ರಿಂದ ಈ ಸೆಟ್ಟಿಂಗ್ ಒಂದೊಂದು ನೆಟ್‌ವರ್ಕ್ ನೇಮ್‌ಸ್ಪೇಸ್‌ಗೂ (ಕಂಟೇನರ್ ಕಾಣುವ ಬೇರೆಯದೇ ನೆಟ್‌ವರ್ಕ್ ವಲಯ) ಪ್ರತ್ಯೇಕ, ಹೊಸ ನೇಮ್‌ಸ್ಪೇಸ್ ಹುಟ್ಟುವುದು 1ರೊಂದಿಗೇ. ಹೋಸ್ಟ್‌ನಲ್ಲಿ 0 ತೋರಿಸುತ್ತದೆ, ಕಂಟೇನರ್ ಒಳಗೆ ಹೋಗಿ ಓದಿದರೆ 1. ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹೊರಗಿನಿಂದ ಹಾಕಿದಾಗ, ಸಿನ್‌ಗೆ ಉತ್ತರವಾದ ಸಿನ್-ಆಕ್‌ನಲ್ಲಿ ‘ಸ್ಯಾಕ್‌ಒಕೆ’ ಕಂಡದ್ದರಿಂದ ಗೊತ್ತಾಯಿತು, ಇಲ್ಲದಿದ್ದರೆ ಶನಿವಾರದವರೆಗೂ ಬಾಗಿಲು ಹಾಕಿದ್ದೇವೆ ಎಂದುಕೊಂಡೇ ಇರುತ್ತಿದ್ದೆವು. ಪ್ರತಿ ಕಂಟೇನರ್‌ಗೂ ಅದರ ವಿವರ ಬರೆದಿಡುವ ಕಂಪೋಸ್ ಫೈಲ್‌ನಲ್ಲಿ ಸಿಸ್‌ಸಿಟಿಎಲ್ ಸಾಲು ಸೇರಿಸಿ ಹೊಸದಾಗಿ ಎಬ್ಬಿಸಬೇಕಾಯಿತು. ಸೆಂಟ್‌ಒಎಸ್ 7ರ 3.10 ಮತ್ತು ಉಬುಂಟು 16.04ರ 4.4ರಲ್ಲಿ ಈ ಪೇಚಿಲ್ಲ, ಅಲ್ಲಿ ಇಡೀ ಯಂತ್ರಕ್ಕೆ ಒಂದೇ ಸೆಟ್ಟಿಂಗ್.

ಮೂರನೆಯದು ರಾತ್ರಿ ಗೊತ್ತಾಯಿತು.

ಜೂನ್ 19, ಬುಧವಾರ. ಬ್ಯಾಕಪ್ ಮುಗಿಯಲಿಲ್ಲ

ಹುಬ್ಬಳ್ಳಿಯಿಂದ ಡಿ ಯಂತ್ರಕ್ಕೆ ರಾತ್ರಿ ಎರಡಕ್ಕೆ ಹೊರಡುವ ಆರ್‌ಸಿಂಕ್ ಬ್ಯಾಕಪ್ ದಿನವೂ ಎರಡೂ ಕಾಲು ಗಂಟೆಯಲ್ಲಿ ಮುಗಿಯುತ್ತಿತ್ತು. ಅಂದು ಬೆಳಿಗ್ಗೆ ಏಳಕ್ಕೂ ಓಡುತ್ತಿತ್ತು. ಆ ಲೈನಿನಲ್ಲಿ ಪ್ಯಾಕೆಟ್ ಬಿದ್ದರೆ ಒಂದೆರಡಲ್ಲ, ಗೊಂಚಲು ಗೊಂಚಲಾಗಿ ಬೀಳುತ್ತವೆ. ಸ್ಯಾಕ್ ಇದ್ದರೆ ಕಳೆದುಹೋದ ಐದಾರನ್ನೂ ಒಮ್ಮೆಗೇ ಗುರುತಿಸಿ ಕಳಿಸಬಹುದು. ಇಲ್ಲದಿದ್ದರೆ ಒಂದು ಸುತ್ತಿಗೆ ಒಂದೇ ತುಂಡು. ಸ್ಯಾಕ್‌ಗೆ ಎರಡೂ ಕಡೆಯ ಒಪ್ಪಿಗೆ ಬೇಕಾದ್ದರಿಂದ ಡಿಯಲ್ಲಿ ಆಫ್ ಮಾಡಿದರೆ ಕಳಿಸುವ ಇ ಪೆಟ್ಟಿಗೆಗೂ ಅದೇ ಗತಿ.

ಡಿಯಲ್ಲಿ ಟಿಸಿಪಿ_ಸ್ಯಾಕ್ ಮತ್ತೆ 1 ಮಾಡಿ, ಅದಕ್ಕೆ ಫೈರ್‌ವಾಲ್ ದಾರಿ ಹಿಡಿದದ್ದಾಯಿತು. ಕಚೇರಿಯೊಳಗಿನ ಲ್ಯಾನ್‌ನಲ್ಲಿ ಸ್ಯಾಕ್ ಆಫ್ ಮಾಡಿದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ದೂರದ, ಕೆಟ್ಟ ಲೈನಿಗೆ ಇದು ಔಷಧವಲ್ಲ. ಅಲ್ಲದೆ 11479ಕ್ಕೂ ಸ್ಯಾಕ್‌ಗೂ ಸಂಬಂಧವೇ ಇಲ್ಲ, ಆ ಬಾಗಿಲು ಅಲ್ಲಿಯವರೆಗೂ ತೆರೆದೇ ಇತ್ತು.

ಜೂನ್ 19, ಸಂಜೆ. ಎರಡನೇ ತಡೆ: ಸಣ್ಣ ಎಂಎಸ್‌ಎಸ್ ಬಂದರೆ ಬಿಸಾಡು

ಫೈರ್‌ವಾಲ್ ರೂಲ್‌ಗಳನ್ನು ಹಾಕುವ ಐಪಿಟೇಬಲ್ಸ್‌ನಲ್ಲಿ ಟಿಸಿಪಿಎಂಎಸ್‌ಎಸ್ ಎಂಬ ಮ್ಯಾಚ್ ಇದೆ. ಅದಕ್ಕೆ 1:500 ಕೊಟ್ಟು ಡ್ರಾಪ್. ಸೊನ್ನೆಯಿಂದ ಯಾಕಲ್ಲ ಎಂದರೆ, ಎಂಎಸ್‌ಎಸ್ 0 ಎಂದು ಬಂದರೆ ಕರ್ನಲ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 500ರ ಗೆರೆಯಿಂದ ಸಾಮಾನ್ಯ ಗಿರಾಕಿಗಳಿಗೆ ತೊಂದರೆಯಿಲ್ಲ: ಹಳೆಯ 576 ಎಂಟಿಯು (ಇಡೀ ಪ್ಯಾಕೆಟ್‌ನ ಗರಿಷ್ಠ ಅಳತೆ) ಆದರೂ ಹೆಡರ್‌ಗಳ 40 ಕಳೆದು 536, ಹುಬ್ಬಳ್ಳಿಯ ಪಿಪಿಪಿಒಇ ಬ್ರಾಡ್‌ಬ್ಯಾಂಡ್ ಲೈನಿಗೆ 1492ರಲ್ಲಿ 40 ಕಳೆದು 1452.

ಇದರಲ್ಲೂ ಎಡವಿದ್ದು ನಾಲ್ಕು ಕಡೆ.

ಎ ಯಂತ್ರದಲ್ಲಿ ರೂಲನ್ನು ದೊಡ್ಡ ಎ ಆಯ್ಕೆಯಿಂದ, ಅಂದರೆ ಇನ್‌ಪುಟ್ ಚೈನ್‌ನ (ಒಳಬರುವ ಪ್ಯಾಕೆಟ್‌ಗಳಿಗೆ ಸಾಲಾಗಿ ಅನ್ವಯವಾಗುವ ರೂಲ್‌ಗಳ ಸರಣಿ) ಬಾಲಕ್ಕೆ ಸೇರಿಸಲಾಯಿತು. ಅದರ ಮುಂದೆ ಉಬುಂಟುವಿನ ಫೈರ್‌ವಾಲ್ ಯುಎಫ್‌ಡಬ್ಲ್ಯೂನ ಚೈನ್‌ಗಳಿವೆ, 443ಕ್ಕೆ ಬಂದ ಸಿನ್ ಅಲ್ಲೇ ಒಳಗೆ ಹೋಗಿಬಿಡುತ್ತದೆ. ಕೌಂಟರ್ ಗಂಟೆಗಟ್ಟಲೆ 0. ‘ಯಾರೂ ದಾಳಿ ಮಾಡುತ್ತಿಲ್ಲ’ ಎಂದು ಅದನ್ನು ಓದಿಕೊಂಡದ್ದು ಈ ಇಡೀ ಕೆಲಸದ ದಡ್ಡತನ. ದೊಡ್ಡ ಐ ಬಳಸಿ ತಲೆಗೆ ಸೇರಿಸಿದ ಮೇಲೆ ಸರಿಯಾಯಿತು.

ಬಿಯಲ್ಲಿ ಇನ್‌ಪುಟ್ ಚೈನ್‌ಗೆ ಏನು ಹಾಕಿದರೂ ನಿಷ್ಪ್ರಯೋಜಕ. ಡಾಕರ್ ಪ್ರಕಟಿಸಿದ ಪೋರ್ಟ್‌ಗೆ ಬಂದದ್ದು ವಿಳಾಸ ಬದಲಾಗಿ ಫಾರ್ವರ್ಡ್ ದಾರಿ ಹಿಡಿಯುತ್ತದೆ. ಕಡೆಗೆ ಎಲ್ಲ ಯಂತ್ರಗಳಲ್ಲೂ ರೂಲನ್ನು ರಾ ಟೇಬಲ್‌ನ ಪ್ರಿರೂಟಿಂಗ್‌ಗೆ ಸಾಗಿಸಿದ್ದಾಯಿತು. ಹೋಸ್ಟ್‌ಗಾಗಲಿ ಕಂಟೇನರ್‌ಗಾಗಲಿ, ಒಳಗೆ ಬರುವುದೆಲ್ಲ ಅಲ್ಲಿಂದಲೇ ಹಾಯಬೇಕು. ಸಿ ಗೇಟ್‌ವೇಗೂ ಇದೇ ಸರಿ, ಅದರ ಹಿಂದಿರುವ ಮೇಜಿನ ಕಂಪ್ಯೂಟರ್‌ಗಳಿಗೂ ನೆರಳಾಯಿತು.

ಮೂರನೆಯದು ಪ್ಯಾಕೆಟ್‌ನ ಧ್ವಜ (ಫ್ಲ್ಯಾಗ್). ಮೊದಲು ಬರೆದ ರೂಲ್‌ನಲ್ಲಿ ‘ಸಿನ್’ ಎಂಬ ಕಿರು ಆಯ್ಕೆ ಇತ್ತು. ಅದು ಆಕ್ ಇಲ್ಲದ ಬರೀ ಸಿನ್‌ಗೆ ಮಾತ್ರ ಹೊಂದುತ್ತದೆ. ನಮ್ಮ ಯಂತ್ರವೇ ಹೊರಗಿನ ಸರ್ವರ್‌ಗೆ ಕನೆಕ್ಟ್ ಆಗಿ, ಆ ಸರ್ವರ್ ಸಿನ್-ಆಕ್‌ನಲ್ಲಿ 48 ಎಂದರೂ ಅಪಾಯ ಅಷ್ಟೇ. ಟಿಸಿಪಿ-ಫ್ಲ್ಯಾಗ್ಸ್ ಆಯ್ಕೆಗೆ ‘ಸಿನ್ ಸಿನ್’ ಎಂದು ಎರಡು ಸಲ ಕೊಟ್ಟರೆ ಎರಡೂ ಸಿಕ್ಕಿಬೀಳುತ್ತವೆ.

ನಾಲ್ಕನೆಯದು ಎಲ್ಲರೂ ಮರೆಯುವಂಥದ್ದು, ಇಲ್ಲೂ ಮರೆತದ್ದು: ಐಪಿವಿ6ಗೆ ಬೇರೆಯಾಗಿಯೇ ಇರುವ ಐಪಿ6ಟೇಬಲ್ಸ್. ಎ ಯಂತ್ರಕ್ಕೆ ಐಪಿವಿ6 ವಿಳಾಸ ಇತ್ತು, ಒಂದು ದಿನ ಪೂರ್ತಿ ಆ ಬಾಗಿಲು ತೆರೆದಿತ್ತು.

ಒಂದು ಷರತ್ತೂ ಇದೆ. ನೆಟ್.ಐಪಿವಿ4.ಟಿಸಿಪಿ_ಎಂಟಿಯು_ಪ್ರೋಬಿಂಗ್ 0 ಇರಬೇಕು. ಅದು ಡಿಫಾಲ್ಟ್ ಹೌದು, ಆದರೆ ಸಿಯಲ್ಲಿ ಹಿಂದೆಂದೋ ಪಿಪಿಪಿಒಇ ತೊಂದರೆಗೆ 1 ಮಾಡಿಟ್ಟಿದ್ದರು. ಪ್ರೋಬಿಂಗ್ ಇದ್ದರೆ, ಉತ್ತರ ಬಾರದಿದ್ದಾಗ ಕರ್ನಲ್ ತಾನೇ ಎಂಎಸ್‌ಎಸ್ ಇಳಿಸುತ್ತ ಹೋಗುತ್ತದೆ. ಸಿನ್‌ನಲ್ಲಿ 1460 ಎಂದವನೂ ಆಮೇಲೆ ಸುಮ್ಮನಿದ್ದು ಅದನ್ನು 48ರವರೆಗೆ ಎಳೆಯಬಹುದು. ರೂಲ್ ನೋಡುವುದು ಸಿನ್ ಮಾತ್ರ, ಇದನ್ನು ಹಿಡಿಯುವುದಿಲ್ಲ.

ಜೂನ್ 20, ಗುರುವಾರ. ರೂಲ್ ಕೆಲಸ ಮಾಡುತ್ತದೆಯೇ?

ದಾಳಿಯ ಕೋಡ್ ಓಡಿಸಿ ನೋಡುವ ಅಗತ್ಯವಿಲ್ಲ. ಹೊರಗಿನ ಒಂದು ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ, ಎ ಯಂತ್ರದ ವಿಳಾಸಕ್ಕೆ ಪ್ರತ್ಯೇಕ ರೂಟ್ ಹಾಕಿ ಅದರ ಕೊನೆಗೆ ಅಡ್ವ್‌ಎಂಎಸ್‌ಎಸ್ 400 ಎಂದು ಸೇರಿಸಿದರೆ ಆಯಿತು. ಆ ಲ್ಯಾಪ್‌ಟಾಪ್ ಇನ್ನು ಆ ವಿಳಾಸಕ್ಕೆ ಮಾತ್ರ 400 ಎಂದೇ ಹೇಳಿಕೊಳ್ಳುತ್ತದೆ.

ಕರ್ಲ್‌ಗೆ ‘4’ ಆಯ್ಕೆ ಕೊಟ್ಟು ಕರೆದಾಗ ನಿಂತೇ ಬಿಟ್ಟಿತು. 127 ಸೆಕೆಂಡಿಗೆ ‘ಟೈಮ್‌ಡ್ ಔಟ್’. ಎ ಯಂತ್ರದಲ್ಲಿ ರೂಲ್‌ನ ಕೌಂಟರ್: 7 ಪ್ಯಾಕೆಟ್, 420 ಬೈಟ್. ಲೆಕ್ಕ ಕೂಡುತ್ತದೆ. ಮೊದಲ ಸಿನ್ ಒಂದು, ಮರುಪ್ರಯತ್ನ ಆರು, ಒಂದೊಂದೂ 60 ಬೈಟ್. ಐಪಿವಿ6ರಲ್ಲಿ ಇದೇ ಪರೀಕ್ಷೆಗೆ ಪ್ಯಾಕೆಟ್ 80 ಬೈಟ್, ಹಾಗಾಗಿ 560. ಅಡ್ವ್‌ಎಂಎಸ್‌ಎಸ್ 536ಕ್ಕೆ ಏರಿಸಿದ ತಕ್ಷಣ ಪುಟ ಬಂತು, ಕೌಂಟರ್ ಅಲ್ಲಾಡಲಿಲ್ಲ. ಮುಗಿದ ಮೇಲೆ ಲ್ಯಾಪ್‌ಟಾಪ್‌ನ ಆ ರೂಟ್ ಅಳಿಸಲು ಮರೆಯಬಾರದು.

ಅದೇ ದಿನ ಮಧ್ಯಾಹ್ನ ಒಂದು ದೂರು. ಬೆರಳಚ್ಚು ಹಾಜರಾತಿ ಯಂತ್ರದಿಂದ ಬೆಳಗಿನಿಂದ ಒಂದು ದಾಖಲೆಯೂ ಬಂದಿಲ್ಲ. ಟಿಸಿಪಿಡಂಪ್‌ನಲ್ಲಿ ಅದರ ಸಿನ್ ನೋಡಿದರೆ ಎಂಎಸ್‌ಎಸ್ 460. ಮೆಮೊರಿ ಕಡಿಮೆ ಇರುವ ಇಂಥ ಪುಟ್ಟ ಸಾಧನಗಳು ಸಣ್ಣ ಸಂಖ್ಯೆಯನ್ನೇ ಹೇಳುತ್ತವೆ, ಅದರಲ್ಲಿ ಮೋಸವೇನಿಲ್ಲ. ಬಿ ಯಂತ್ರದಲ್ಲಿ ಅದರ ಐಪಿ ವಿಳಾಸಕ್ಕೆ ಮಾತ್ರ ಒಂದು ಆಕ್ಸೆಪ್ಟ್ ರೂಲ್ ಡ್ರಾಪ್‌ಗಿಂತ ಮೇಲೆ ಹಾಕಿದ್ದಾಯಿತು. ರಾ ಟೇಬಲ್‌ನಲ್ಲಿ ಆಕ್ಸೆಪ್ಟ್ ಎಂದರೆ ಆ ಟೇಬಲ್‌ನಿಂದ ಪಾರು ಎಂದಷ್ಟೇ ಅರ್ಥ, ಮುಂದಿನ ಫೈರ್‌ವಾಲ್ ಹಾಗೇ ಇರುತ್ತದೆ.

ಜೂನ್ 22, ಶನಿವಾರ ರಾತ್ರಿ. ಕರ್ನಲ್ ಬದಲಾವಣೆ

ಸರದಿ: ಮೊದಲು ಡಿ, ಆಮೇಲೆ ಬಿ, ಎ, ಕೊನೆಗೆ ಸಿ. ಗೇಟ್‌ವೇ ಕೊನೆಗೆ ಏಕೆಂದರೆ ಅದು ಏಳದಿದ್ದರೆ ಉಳಿದವನ್ನು ತಲುಪುವ ದಾರಿಯೇ ಇಲ್ಲ. ಸೀರಿಯಲ್ ಕೇಬಲ್ ತಂದದ್ದೂ ಅದಕ್ಕೇ.

ಡಿ, 14 ನಿಮಿಷ. ಡೆಬ್9ಯು3 ಹಾಕಿ ರೀಬೂಟ್ ಆಯಿತು. ಕರ್ನಲ್ ಆವೃತ್ತಿ ತೋರಿಸುವ ಯುನೇಮ್‌ಗೆ ಆರ್ ಆಯ್ಕೆ ಕೊಟ್ಟರೆ ಹಿಂದೆಯೂ 4.9.0-9-ಎಎಂಡಿ64, ಈಗಲೂ 4.9.0-9-ಎಎಂಡಿ64. ಏನೂ ಬದಲಾಗಿಲ್ಲ ಎಂದು ಇನ್ನೊಮ್ಮೆ ರೀಬೂಟ್ ಮಾಡಿದ್ದು ದಂಡ. ಡೆಬಿಯನ್‌ನಲ್ಲಿ ಆ ಸಂಖ್ಯೆ ಎಬಿಐದು (ಕರ್ನಲ್ ಮತ್ತು ಅದರ ಮಾಡ್ಯೂಲ್‌ಗಳ ಹೊಂದಾಣಿಕೆಯ ಗುರುತು), ಸಣ್ಣ ಪರಿಷ್ಕರಣೆಗೆ ಅದು ಬದಲಾಗುವುದಿಲ್ಲ. ವಿ ಆಯ್ಕೆ ಕೊಟ್ಟರೆ 4.9.168-1+ಡೆಬ್9ಯು3 ಎಂದು ಕಾಣುತ್ತದೆ.

ಬಿ, 12 ನಿಮಿಷ. 4.15.0-52. ತಕರಾರಿಲ್ಲ.

ಎ, 70 ನಿಮಿಷ. 4.4.0-151 ಇಳಿಯುವಾಗ ಬೂಟ್ ಪಾರ್ಟಿಶನ್ ತುಂಬಿತು. ಅದರ ಅಳತೆಯೇ 236 ಎಂಬಿ, ಒಳಗೆ ನಾಲ್ಕು ಹಳೆಯ ಕರ್ನಲ್. ಪ್ಯಾಕೇಜ್‌ಗಳನ್ನು ಹಾಕುವ ಡಿಪಿಕೆಜಿ ಅರ್ಧಕ್ಕೆ ನಿಂತಿತು. ಆಟೋರಿಮೂವ್ ‘ಅವಲಂಬನೆ ಸರಿಯಿಲ್ಲ’ ಎಂದು ನಿರಾಕರಿಸಿತು. ಅವಸರದಲ್ಲಿ, ಬೂಟ್ ಆಗುವಾಗ ಬೇಕಾಗುವ ಹಳೆಯ ಇನಿಟ್‌ಆರ್‌ಡಿ ಫೈಲ್‌ಗಳನ್ನು ಕೈಯಾರೆ ಅಳಿಸಿದ್ದು ತಪ್ಪು. ಪ್ಯಾಕೇಜ್ ಇನ್ನೂ ಇದೆ ಎಂದೇ ಡಿಪಿಕೆಜಿಗೆ ಗೊತ್ತು, ಮುಂದಿನ ಹೆಜ್ಜೆಯಲ್ಲಿ ಅವನ್ನೆಲ್ಲ ಮತ್ತೆ ಹುಟ್ಟಿಸಿ ಜಾಗ ಮತ್ತೆ ತುಂಬಿಸಿತು. ಸರಿಯಾದದ್ದು: ಈಗ ಓಡುತ್ತಿರುವುದನ್ನು ಬಿಟ್ಟು ಹಳೆಯ ಕರ್ನಲ್ ಪ್ಯಾಕೇಜ್‌ಗಳನ್ನು ಹೆಸರು ಹೇಳಿ ಡಿಪಿಕೆಜಿಯಿಂದಲೇ ಪರ್ಜ್ ಮಾಡಿ, ನಂತರ ಆಪ್ಟ್‌ನ ದುರಸ್ತಿ ಆಯ್ಕೆ ಓಡಿಸುವುದು. ಅಷ್ಟಾಗಿ ರೀಬೂಟ್ ಮಾಡಿದರೆ ಮತ್ತೆ 148ರಲ್ಲೇ ಎದ್ದಿತು. ಯಾವ ಕರ್ನಲ್ ಎಬ್ಬಿಸಬೇಕೆಂದು ಆರಿಸುವ ಗ್ರಬ್‌ನ ಡಿಫಾಲ್ಟ್‌ನಲ್ಲಿ ಯಾವುದೋ ಕಾಲದಲ್ಲಿ ಹಳೆಯ ಕರ್ನಲ್‌ಗೆ ಗೂಟ ಹೊಡೆದಿದ್ದರು. 0 ಮಾಡಿ, ಅಪ್‌ಡೇಟ್-ಗ್ರಬ್, ಮತ್ತೊಂದು ರೀಬೂಟ್.

ಸಿ, 18 ನಿಮಿಷ. 3.10.0-957.21.3. ಎದ್ದ ಮೇಲೆ ಎಂಎಸ್‌ಎಸ್ ರೂಲ್ ಮಾಯ. ಫೈರ್‌ವಾಲ್‌ಡಿ ಇರುವ ಯಂತ್ರದಲ್ಲಿ ಐಪಿಟೇಬಲ್ಸ್‌ನಿಂದ ನೇರ ಹಾಕಿದ್ದು ರೀಲೋಡ್‌ಗೇ ಉದುರುತ್ತದೆ. ಪರ್ಮನೆಂಟ್ ಮತ್ತು ಡೈರೆಕ್ಟ್ ಎರಡೂ ಆಯ್ಕೆ ಕೊಟ್ಟು ಫೈರ್‌ವಾಲ್-ಸಿಎಂಡಿಯಿಂದ ಸೇರಿಸಬೇಕು.

ಸ್ವಂತ ಕರ್ನಲ್ ಕಟ್ಟಿಕೊಳ್ಳುವವರಿಗೆ: ದುರಸ್ತಿ ಇರುವುದು 4.4.182, 4.9.182, 4.14.127, 4.19.52 ಮತ್ತು 5.1.11ರಿಂದ ಮುಂದಕ್ಕೆ.

ಜೂನ್ 25, ಮಂಗಳವಾರ. ಪ್ಯಾಚ್‌ನದೇ ಅಡ್ಡಪರಿಣಾಮ

ಎಯಲ್ಲಿ ಓಡುವ ಹಳೆಯ ವರದಿ-ರವಾನೆ ಪ್ರೋಗ್ರಾಮ್ ನಡುನಡುವೆ ನಿಲ್ಲತೊಡಗಿತು. ಕನೆಕ್ಷನ್ ಕಡಿಯುವುದಿಲ್ಲ, ಡೇಟಾ ಹೊರಡುವುದೂ ಇಲ್ಲ. ಮೊದಲು ನೆಟ್‌ವರ್ಕ್ ಕೇಬಲ್, ಸ್ವಿಚ್ ಪೋರ್ಟ್ ಬದಲಿಸಿ ಎರಡು ಗಂಟೆ ವ್ಯರ್ಥ. ನೆಟ್‌ವರ್ಕ್ ಎಣಿಕೆಗಳನ್ನು ತೋರಿಸುವ ಎನ್‌ಸ್ಟ್ಯಾಟ್‌ನಲ್ಲಿ ಟಿಸಿಪಿ-ಡಬ್ಲ್ಯೂಕ್ಯೂ-ಟೂಬಿಗ್ ಎಂಬ ಕೌಂಟರ್ ಏರುತ್ತಿರುವುದು ಕಂಡಾಗ ದಾರಿ ಸಿಕ್ಕಿತು. 11478ರ ದುರಸ್ತಿ, ಕಳಿಸಬೇಕಾದ ತುಂಡನ್ನು ಇನ್ನಷ್ಟು ಸೀಳುವ ಮುನ್ನ ಮೆಮೊರಿ ಮಿತಿ ನೋಡುತ್ತದೆ. ಕಳಿಸುವ ಬಫರ್ ತೀರಾ ಚಿಕ್ಕದಾಗಿದ್ದರೆ ಆ ಮಿತಿ ನ್ಯಾಯವಾದ ಕನೆಕ್ಷನ್‌ಗೂ ಅಡ್ಡ ಬರುತ್ತದೆ. ಈ ಪ್ರೋಗ್ರಾಮ್ ತನ್ನ ಬಫರನ್ನು 8 ಕೆಬಿಗೆ ಇಳಿಸಿಕೊಂಡಿತ್ತು. ಕಾನ್ಫಿಗ್‌ನಲ್ಲಿ 256 ಕೆಬಿ ಮಾಡಿದ ಮೇಲೆ ಕೌಂಟರ್ ನಿಂತಿತು. ಈ ಮಿತಿಯನ್ನು ಸಡಿಲಿಸುವ ತಿದ್ದುಪಡಿ ಕರ್ನಲ್‌ಗೂ ಆಮೇಲೆ ಬಂತು.

ಜುಲೈ 6, ಶನಿವಾರ. ಎರಡನೇ ಸುತ್ತು ಮತ್ತು ತಡೆ ತೆಗೆಯುವುದು

ಉಬುಂಟುವಿನ ಮೊದಲ ಕರ್ನಲ್‌ಗಳು ಮುಚ್ಚಿದ್ದು 11477 ಮತ್ತು 11478 ಮಾತ್ರ. ಟಿಸಿಪಿ_ಮಿನ್_ಎಸ್‌ಎನ್‌ಡಿ_ಎಂಎಸ್‌ಎಸ್ ಎಂಬ ಹೊಸ ಸೆಟ್ಟಿಂಗ್ ಬದಲಿಸಲು ಹೋದರೆ ‘ಅಂಥ ಫೈಲ್ ಇಲ್ಲ’ ಎಂದು ಬರುತ್ತಿತ್ತು. 11479ಕ್ಕೆ ಉತ್ತರವಾದ ಆ ಸೆಟ್ಟಿಂಗ್ ಬಂದದ್ದು 4.4.0-154 ಮತ್ತು 4.15.0-54ರಲ್ಲಿ. ಎ, ಬಿ ಎರಡಕ್ಕೂ ಇನ್ನೊಂದು ರೀಬೂಟ್, ತಲಾ ಹತ್ತು ನಿಮಿಷ.

ಪ್ಯಾಚ್ ಹಾಕಿದೊಡನೆ 11479 ಮುಚ್ಚಿತು ಎಂದುಕೊಳ್ಳುವಂತಿಲ್ಲ. ಆ ಸೆಟ್ಟಿಂಗ್‌ನ ಡಿಫಾಲ್ಟ್ 48, ಅಂದರೆ ಮೊದಲಿದ್ದಂತೆಯೇ. ನಾವೇ ಏರಿಸಬೇಕು. ಡೆಬಿಯನ್‌ನ ಸೂಚನೆ 536 ಇಡಿ ಎನ್ನುತ್ತದೆ. ಡಿ ಯಂತ್ರದಲ್ಲಿ 536 ಸರಿ. ಬಿಯಲ್ಲಿ ಅಷ್ಟು ಇಟ್ಟರೆ 460 ಎಂದು ಹೇಳಿಕೊಂಡ ಹಾಜರಾತಿ ಯಂತ್ರಕ್ಕೆ, ಅದು ನುಂಗಲಾರದಷ್ಟು ದೊಡ್ಡ ತುಂಡು ಹೋಗುತ್ತದೆ. ಈ ಕನಿಷ್ಠ ಮಿತಿ ಎದುರಿನವರು ಹೇಳಿದ್ದನ್ನೂ ಮೀರಿಸುತ್ತದೆ. ಅಲ್ಲಿ 400 ಇಟ್ಟದ್ದಾಯಿತು, ಕಂಟೇನರ್‌ಗಳ ಒಳಗೂ ಬೇರೆಯಾಗಿ.

ನಂತರ ಸ್ಯಾಕ್ ವಾಪಸ್. ಎ, ಬಿ, ಸಿ ಮೂರರಲ್ಲೂ ಸಿಸ್‌ಸಿಟಿಎಲ್.ಡಿ ಫೈಲ್ ಅಳಿಸಿ, ಕಂಪೋಸ್ ಫೈಲ್‌ಗಳ ಸಾಲು ತೆಗೆದು, ಈಗಿನ ಮೌಲ್ಯವನ್ನೂ 1 ಮಾಡಿ. ಫೈಲ್ ಅಳಿಸಿದ ಮಾತ್ರಕ್ಕೆ ಓಡುತ್ತಿರುವ ಮೌಲ್ಯ ಬದಲಾಗುವುದಿಲ್ಲ. ಸಿಯಲ್ಲಿ ಇದನ್ನು ಮರೆತು ಮರುದಿನ ಸರಿ ಮಾಡಿದ್ದು. ಎಂಎಸ್‌ಎಸ್ ರೂಲನ್ನು ಸಿ ಗೇಟ್‌ವೇಯಲ್ಲಿ ಉಳಿಸಿಕೊಂಡು ಉಳಿದ ಕಡೆ ತೆಗೆಯಲಾಯಿತು.

ಜುಲೈ 7. ಉಳಿದಿರುವುದು

ಇ ಪೆಟ್ಟಿಗೆ. ತಯಾರಕರಿಂದ ಹೊಸ ಫರ್ಮ್‌ವೇರ್ ಬಂದಿಲ್ಲ, ಒಳಗೆ ಟಿಸಿಪಿಎಂಎಸ್‌ಎಸ್ ಮಾಡ್ಯೂಲೂ ಇಲ್ಲ. ಹುಬ್ಬಳ್ಳಿಯ ರೌಟರ್‌ನಲ್ಲಿ ಅದರ ವೆಬ್ ಪುಟಕ್ಕಿದ್ದ ಪೋರ್ಟ್ ಫಾರ್ವರ್ಡ್ ತೆಗೆದು, ವಿಪಿಎನ್ ಮೂಲಕ ಮಾತ್ರ ತಲುಪುವಂತೆ ಮಾಡಿದೆ. ಹೊರಗೆ ಅದು ಮಾತಾಡುವುದು ಡಿ ಒಂದರ ಜೊತೆಗೇ. ಒಳಗಿನ ಸ್ಯಾಕ್ ಆನ್ ಆಗಿಯೇ ಇದೆ, ಬ್ಯಾಕಪ್ ಮತ್ತೆ ಎರಡೂ ಕಾಲು ಗಂಟೆಗೆ ಮುಗಿಯುತ್ತಿದೆ. ಶಾಖೆಯ ಲ್ಯಾನ್ ಒಳಗಿನಿಂದ ಯಾರಾದರೂ ಕೆಡವಬೇಕೆಂದರೆ ಇವತ್ತಿಗೂ ಕೆಡವಬಹುದು.